ಗದಗ ಬಿಟ್ಟು ಗುಜರಾತಿಗಳಾದ ನನ್ನ ಕರುಳಿನ ನಿವಾಸಿಗಳಿಗೆ

ಇವರಿಗೆ,
ಸಮಸ್ತ ಸೂಕ್ಷ್ಮಜೀವಿಗಳು,
ದೊಡ್ಡ ಕರುಳು, ಬಾಲಚಂದ್ರ ಹೊಂಬಳ ಇವರ ಹೊಟ್ಟೆ,
ಸ್ಯಾಟಲೈಟ್ ಬಡಾವಣೆ, ಅಹಮದಾಬಾದ್.

ವಿಷಯ: ಮನೆಯ ಮಾಲೀಕನಿಗೆ ಒಂದು ಮಾತೂ ತಿಳಿಸದೆ ಊರು ಬದಲಿಸಿದ ಬಗ್ಗೆ.

ಮಾನ್ಯರೇ,

ತಾವೆಲ್ಲರೂ ಸಕುಟುಂಬ ಸಪರಿವಾರ ಕ್ಷೇಮವಾಗಿದ್ದೀರಿ, ದಿನೇ ದಿನೇ ವೃದ್ಧಿಯಾಗುತ್ತಿದ್ದೀರಿ ಎಂಬ ಸಮಾಚಾರ ಪ್ರಯೋಗಾಲಯದಿಂದ ಈಗಾಗಲೇ ಬಂದಿರುವುದರಿಂದ ಆ ಬಗ್ಗೆ ವಿಚಾರಿಸುವ ಅಗತ್ಯ ಉಳಿದಿಲ್ಲ. ಇತ್ತ ತಮ್ಮನ್ನು ಹೊತ್ತು ತಿರುಗುವ ನಾನು ಮಾತ್ರ ಅಷ್ಟೇನೂ ಕ್ಷೇಮವಾಗಿಲ್ಲ ಎಂದು ತಿಳಿಸಲು ಈ ಪತ್ರ. ಇಂಥ ಮನೆಯ ವಿಷಯವನ್ನು ಬಹಿರಂಗವಾಗಿ ಬರೆಯಬಹುದೇ ಎಂದು ತಮಗೆ ಅನ್ನಿಸಬಹುದು. ತಮಗೆ ಗುಟ್ಟಾಗಿ ಪತ್ರ ತಲುಪಿಸಬೇಕೆಂದರೆ ನಾನು ಅದನ್ನು ನುಂಗಬೇಕಾಗುತ್ತದೆ, ನುಂಗಿದರೂ ತಲುಪುವ ಹೊತ್ತಿಗೆ ಅಕ್ಷರ ಉಳಿದಿರುವ ಭರವಸೆ ಇಲ್ಲವಾದ್ದರಿಂದ ಬೇರೆ ದಾರಿ ಕಾಣಲಿಲ್ಲ.

ಮೊದಲಿಗೆ ಅಭಿನಂದನೆಗಳು. ಒಂದು ಕಾಲದಲ್ಲಿ ತಮ್ಮನ್ನು ಯಾರೂ ಕ್ಯಾರೇ ಎನ್ನುತ್ತಿರಲಿಲ್ಲ. ತಾವು ಇದ್ದೀರಿ ಎಂದು ನೆನಪಾಗುತ್ತಿದ್ದುದೇ ಹೊಟ್ಟೆ ಕೆಟ್ಟಾಗ. ಈಗ ಆರೋಗ್ಯದ ಪುಟ ತೆರೆದರೆ ತಮ್ಮದೇ ದರ್ಬಾರು. ಸಕ್ಕರೆ ಕಾಯಿಲೆಗೂ ತಮಗೂ ನಂಟಿದೆಯಂತೆ, ಬೊಜ್ಜಿಗೂ ಇದೆಯಂತೆ, ನಿದ್ದೆಗೂ ಮನಸ್ಸಿನ ಬೇಸರಕ್ಕೂ ಇರಬಹುದಂತೆ, ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಂತೂ ಅಂಜುಬುರುಕ ಇಲಿಗೆ ಧೈರ್ಯವಂತ ಇಲಿಯ ಕರುಳಿನವರನ್ನು ಕೊಟ್ಟರೆ ಅದಕ್ಕೂ ಸ್ವಲ್ಪ ಧೈರ್ಯ ಬಂತಂತೆ. ನನ್ನ ಸ್ವಂತ ಜೀವಕೋಶಗಳು ಎಷ್ಟಿವೆಯೋ ತಾವೂ ಹೆಚ್ಚುಕಡಿಮೆ ಅಷ್ಟೇ ಇದ್ದೀರಿ ಎಂದು ಓದಿದ ದಿನ ನಾನು ಕನ್ನಡಿಯ ಮುಂದೆ ನಿಂತು, ನಾಳೆ ಈ ದೇಹದಲ್ಲಿ ಚುನಾವಣೆ ನಡೆದರೆ ನನ್ನ ಗತಿಯೇನು ಎಂದು ಯೋಚಿಸಿದ್ದುಂಟು. ಇಷ್ಟು ದೊಡ್ಡ ಮನುಷ್ಯರು, ಅಂದರೆ ಇಷ್ಟು ದೊಡ್ಡ ಜೀವಿಗಳು, ಒಬ್ಬ ಬಡ ವಿಮಾ ನೌಕರನ ಮಾನ ಕಳೆಯಲು ಇಷ್ಟೊಂದು ಶ್ರಮ ಪಟ್ಟಿದ್ದು ಏಕೆ ಎಂಬುದೇ ನನ್ನ ಪ್ರಶ್ನೆ.

ತಮಗೆ ಮರೆತಿರಬಹುದಾದ್ದರಿಂದ ನೆನಪಿಸುತ್ತೇನೆ. ತಾವು ನನ್ನೊಂದಿಗೆ ಹೊರಟದ್ದು ಗದಗದಿಂದ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆಂಪು ಚಟ್ನಿ, ಗಟ್ಟಿ ಮೊಸರು ತಿಂದು ಬೆಳೆದವರು ತಾವು. ವಿಮಾ ಕಚೇರಿಯ ವರ್ಗಾವಣೆ ನಮ್ಮೆಲ್ಲರನ್ನೂ ಮೊದಲು ಸೂರತ್ತಿಗೆ, ಅಲ್ಲಿಂದ ವಡೋದರೆಗೆ, ಕೊನೆಗೆ ಅಹಮದಾಬಾದಿಗೆ ತಂದು ಹಾಕಿತು. ಎಲ್ಲಿಗೆ ಹೋದರೂ ನನ್ನ ಹೆಂಡತಿ ಶಾಂತಾ ಬೆಳಗ್ಗೆ ಎದ್ದು ರೊಟ್ಟಿ ಬಡಿಯುವುದನ್ನು ಬಿಡಲಿಲ್ಲ, ನಾನು ಆ ರೊಟ್ಟಿಯ ಬಗ್ಗೆ ಮಾತನಾಡುವುದನ್ನು ಬಿಡಲಿಲ್ಲ. ಇಲ್ಲಿಯ ಕನ್ನಡ ಬಳಗದಲ್ಲಿ ಊಟದ ಸಮಿತಿಯ ಅಧ್ಯಕ್ಷ ಪದವಿ ನನಗೆ ಸುಮ್ಮನೆ ಬಂದದ್ದಲ್ಲ. ಒಂದು ಯುಗಾದಿಯಲ್ಲಿ, ಸ್ಥಳೀಯ ಅಡುಗೆಯವರು ತಮ್ಮ ರೂಢಿಯಂತೆ ಸಾರಿಗೆ ಸಕ್ಕರೆ ಸುರಿಯುವ ಮುನ್ನವೇ ಅದರ ಡಬ್ಬವನ್ನು ನನ್ನ ಕಾರಿನ ಡಿಕ್ಕಿಯಲ್ಲಿಟ್ಟು ಬೀಗ ಹಾಕಿದವನು ನಾನು. ಇಷ್ಟು ವರ್ಷ ಗುಜರಾತಿನಲ್ಲಿದ್ದರೂ ನನ್ನ ಹೊಟ್ಟೆ ಗದಗದ ಗಡಿ ದಾಟಿಲ್ಲ ಎಂದು ನಾನು ಮಾಡಿದ ಭಾಷಣವನ್ನು ತಾವು ಒಳಗಿನಿಂದಲೇ ಕೇಳಿಸಿಕೊಂಡಿದ್ದೀರಿ. ಆಗಲೇ ಒಮ್ಮೆ ಕೆಮ್ಮಿದ್ದರೆ ಸಾಕಿತ್ತು.

ಇಂಥ ಹೊತ್ತಿನಲ್ಲಿ ಡಾಕ್ಟರ್ ಅಪೂರ್ವಾ ಬಂದಳು. ಇದೇ ಊರಿನ ವಸ್ತ್ರಾಪುರದಲ್ಲಿ ಹುಟ್ಟಿ ಬೆಳೆದ, ನಮ್ಮ ಬಳಗದವರದೇ ಮಗಳಾದ ಈ ಹುಡುಗಿ ಒಂದು ಸಂಶೋಧನಾ ಸಂಸ್ಥೆಯಲ್ಲಿ ತಮ್ಮ ಕುರಿತೇ ಅಧ್ಯಯನ ಮಾಡುತ್ತಾಳೆ. ಬೇರೆ ಊರಿಗೆ ಬಂದು ನೆಲೆಸಿದವರ ಕರುಳಿನವರು ಎಷ್ಟರ ಮಟ್ಟಿಗೆ ಹಳೆಯ ಊರಿನವರಾಗಿಯೇ ಉಳಿಯುತ್ತಾರೆ, ಎಷ್ಟರ ಮಟ್ಟಿಗೆ ಹೊಸ ಊರಿನವರಾಗುತ್ತಾರೆ ಎಂಬುದು ಅವಳ ವಿಷಯ. ಬಳಗದವರೆಲ್ಲ ಮಾದರಿ ಕೊಡಬೇಕು, ಪ್ರತಿಯೊಬ್ಬರೂ ಹೋಲಿಕೆಗಾಗಿ ತಮ್ಮ ಪರಿಚಯದ ಒಬ್ಬ ಗುಜರಾತಿಯನ್ನು ಕರೆತರಬೇಕು ಎಂದಳು. ಮಾದರಿ ಎಂದರೆ ಯಾವುದರ ಮಾದರಿ ಎಂದು ತಿಳಿದ ಮೇಲೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ, ವಿಜ್ಞಾನಕ್ಕಾಗಿ, ನಾಡಿಗಾಗಿ ಎಂದು ಎದ್ದು ನಿಂತವನು ನಾನು. ಹೋಲಿಕೆಗೆ ನಮ್ಮ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ತನ್ವಿಬೆನ್ ಅವರನ್ನು ಕರೆದೊಯ್ದೆ. ಯಾರನ್ನು ಬೇಕಾದರೂ ಕರೆದೊಯ್ಯಬಹುದಿತ್ತು. ಆ ಕ್ಷಣದಲ್ಲಿ ಅವರ ಹೆಸರನ್ನೇ ನನ್ನ ತಲೆಗೆ ಹಾಕಿದವರು ಯಾರು ಎಂಬುದನ್ನು ತಾವು ಆತ್ಮಸಾಕ್ಷಿಯಿಂದ ಹೇಳಬೇಕು.

ಫಲಿತಾಂಶ ಬಂದಾಗ ಅಪೂರ್ವಾ ನನ್ನನ್ನು ಪಕ್ಕಕ್ಕೆ ಕರೆದು, ನಿಮ್ಮದನ್ನು ನಿಮಗೊಬ್ಬರಿಗೇ ಹೇಳುತ್ತೇನೆ ಎಂದಳು. ಮುಚ್ಚಿಡುವಂಥದ್ದು ನನ್ನ ಹೊಟ್ಟೆಯಲ್ಲಿ ಏನೂ ಇಲ್ಲ, ಎಲ್ಲರ ಮುಂದೆ ತೋರಿಸು ಎಂದೆ. ಸುಲಭವಾಗಿ ಕಾಣಲೆಂದು ನನ್ನದನ್ನು ಕೆಂಪು ಚುಕ್ಕೆ ಮಾಡಲು, ತನ್ವಿಬೆನ್ ಅವರದನ್ನು ಹಸಿರು ಚುಕ್ಕೆ ಮಾಡಲು ಹೇಳಿದವನೂ ನಾನೇ. ಯುಗಾದಿ ಊಟಕ್ಕೆ ಮುಂಚೆ, ಇಡೀ ಬಳಗ ಮತ್ತು ಕರೆತಂದ ಅತಿಥಿಗಳ ಎದುರು, ಪರದೆಯ ಮೇಲೆ ಒಂದು ಮೂಲೆಯಲ್ಲಿ ಕನ್ನಡಿಗರ ಚುಕ್ಕೆಗಳು, ಇನ್ನೊಂದು ಮೂಲೆಯಲ್ಲಿ ಗುಜರಾತಿಗಳ ಚುಕ್ಕೆಗಳು ಮೂಡಿದವು. ಗುಜರಾತಿಗಳ ಗುಂಪಿನ ನಟ್ಟನಡುವೆ ಒಂದು ಕೆಂಪು ಚುಕ್ಕೆ ಹಾಯಾಗಿ ಕುಳಿತಿತ್ತು. ಕನ್ನಡಿಗರ ಗುಂಪಿನಲ್ಲಿ, ನನ್ನ ಹೆಂಡತಿಯ ಚುಕ್ಕೆಗೆ ಅಂಟಿಕೊಂಡಂತೆ, ಒಂದು ಹಸಿರು ಚುಕ್ಕೆ.

ಸಭಾಂಗಣದಲ್ಲಿ ನಾನು ಮೊದಲು ನಕ್ಕೆ. ಮಾದರಿಗಳು ಅದಲುಬದಲಾಗಿವೆ ಎಂದೆ. ತನಗೂ ಹಾಗೇ ಅನ್ನಿಸಿ ಮತ್ತೆ ಪರೀಕ್ಷಿಸಿದ್ದಾಗಿಯೂ ಮತ್ತೆ ಅದೇ ಬಂದದ್ದಾಗಿಯೂ ಅಪೂರ್ವಾ ಹೇಳಿ, ನನ್ನ ಮುಖ ನೋಡಿ ಸಮಾಧಾನ ಮಾಡಲು ಹೊರಟಳು. "ಬೇಜಾರ್ ಮಾಡ್ಕೋಬೇಡಿ ಅಂಕಲ್, ನಿಮ್ಮ ಹೊಟ್ಟೆ ತುಂಬಾ ವೆಲ್ ಅಡ್ಜಸ್ಟೆಡ್ ಇದೆ," ಎಂದಳು. ಬಳಗದ ಕಾರ್ಯದರ್ಶಿ ಜಯತೀರ್ಥ ಅದನ್ನು ಹಿಂದಿನ ಸಾಲಿಗೂ ಕೇಳುವಂತೆ ಇನ್ನೊಮ್ಮೆ ಹೇಳಿದರು. ಅಷ್ಟರಲ್ಲಿ ತನ್ವಿಬೆನ್, ಪಾಪ, ವಿಜ್ಞಾನಕ್ಕೆ ನೆರವಾಗಲೆಂದು ಎದ್ದು ನಿಂತು, ಪರೀಕ್ಷೆ ಸರಿಯಾಗಿಯೇ ಇದೆ, ಶಾಂತಾಬೆನ್ ಮಾಡಿದ ರೊಟ್ಟಿಯನ್ನು ವರ್ಷಗಳಿಂದ ಮಧ್ಯಾಹ್ನ ಉಣ್ಣುತ್ತಿರುವುದು ತಾನು, ತನ್ನ ಡಬ್ಬಿಯ ಖಿಚಡಿ-ಕಢಿ ಉಣ್ಣುತ್ತಿರುವುದು ಹೊಂಬಳ್‌ಭಾಯಿ ಎಂದು ಹಿಂದಿಯಲ್ಲಿ ಎಲ್ಲರಿಗೂ ಅರ್ಥವಾಗುವಂತೆ ವಿವರಿಸಿದರು. ಆಮೇಲೆ ನೇರ ನನ್ನ ಹೆಂಡತಿಯ ಬಳಿ ಹೋಗಿ ಅವಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಶಾಂತಾ ನನ್ನ ಕಡೆ ನೋಡಲಿಲ್ಲ. ಚಟ್ನಿ ಖಾರವಾಗುತ್ತಿತ್ತೇ ಎಂದು ಅವರನ್ನು ವಿಚಾರಿಸುತ್ತ ನಿಂತಳು.

ಈಗ ನನ್ನ ಪಕ್ಷವನ್ನೂ ಕೇಳಬೇಕು. ಇದು ನಡೆದದ್ದು ಕೇವಲ ಸೌಜನ್ಯದಿಂದ. ಈ ಕಚೇರಿಗೆ ಬಂದ ಹೊಸದರಲ್ಲಿ ತನ್ವಿಬೆನ್ ನನ್ನ ಡಬ್ಬಿಯತ್ತ ನೋಡಿ, ಇದು ನಮ್ಮ ಸಜ್ಜೆಯ ರೋಟಲೊದಂತೆಯೇ ಇದೆ, ಆದರೆ ಇಷ್ಟು ತೆಳ್ಳಗೆ ಹೇಗೆ ಎಂದು ಕೇಳಿದರು; ರುಚಿ ನೋಡಿ ಎಂದೆ. ಪ್ರತಿಯಾಗಿ ಅವರು ಕೊಟ್ಟದ್ದನ್ನು ಬೇಡ ಎಂದರೆ ಪಕ್ಕದ ಮೇಜಿನವರ ಮನಸ್ಸು ನೋಯುತ್ತಿತ್ತು. ಖಾಲಿ ಡಬ್ಬಿಯನ್ನು ಪ್ರತಿದಿನ ಸೋಪು ಹಾಕಿ ತೊಳೆದು ಒರೆಸಿ ಕೊಡುವಷ್ಟು ಮರ್ಯಾದಸ್ಥ ಹೆಂಗಸನ್ನು ನಾಳೆಯಿಂದ ಬೇಡ ಎಂದು ಹೇಗೆ ಹೇಳುವುದು? ರವಿವಾರ ವಸ್ತ್ರಾಪುರ ಕೆರೆಯ ಸುತ್ತ ನಡೆಯಲು ಹೋದಾಗ ಫಾಫಡಾ-ಜಿಲೇಬಿ ತಿಂದದ್ದು ನಡೆದ ದಣಿವಿಗೆ. ವಡೋದರೆಯಲ್ಲಿ ಸೇವ್ ಉಸಳ್ ತಿಂದದ್ದು ಕಚೇರಿಯವರ ಒತ್ತಾಯಕ್ಕೆ. ಇನ್ನು ಸೂರತ್ತಿನಲ್ಲಿ, ಸಚಿನ್ ಎಂಬ ಊರಿನ ಕಡೆಯ ಬಟ್ಟೆ ಗಿರಣಿಗಳ ತಪಾಸಣೆ ಮುಗಿಸಿ ಬರುವಾಗ ಚಳಿಗಾಲದಲ್ಲಿ ಪೊಂಕ್ ತಿಂದದ್ದನ್ನು ನಾನು ಅಪರಾಧವೆಂದೇ ಒಪ್ಪುವುದಿಲ್ಲ. ಪೊಂಕ್ ಎಂದರೆ ಸುಟ್ಟ ಎಳೆ ಜೋಳ, ಅಂದರೆ ನಮ್ಮ ಸೀತನಿಯೇ. ಅದು ಸೇವ್ ಮತ್ತು ಸಕ್ಕರೆ ಕಾಳಿನ ಜೊತೆ ಸೇರಿ ಗುಜರಾತಿಯಂತೆ ನಟಿಸುತ್ತದೆ ಅಷ್ಟೇ. ಅದನ್ನು ತಾವು ಯಾವ ಲೆಕ್ಕಕ್ಕೆ ಸೇರಿಸಿದಿರಿ, ದಯವಿಟ್ಟು ತಿಳಿಸಿ.

ಅದಕ್ಕಿಂತ ಮುಖ್ಯವಾದ ಮಾತು ಬೇರೆ ಇದೆ. ಮನುಷ್ಯನಿಗೆ ಯಾವ ತಿನಿಸಿನ ಮೇಲೆ ಆಸೆ ಹುಟ್ಟಬೇಕು ಎಂಬುದರಲ್ಲೂ ಕರುಳಿನವರ ಕೈವಾಡ ಇರಬಹುದು ಎಂದು ಕೆಲವು ವಿಜ್ಞಾನಿಗಳು ಶಂಕಿಸುತ್ತಾರಂತೆ. ಹಾಗಿದ್ದ ಮೇಲೆ ಖಿಚಡಿ ಬೇಡಿದವರು ತಾವು, ಕಢಿ ತರಿಸಿದವರು ತಾವು, ನಾನು ಬರೀ ಚಮಚ ಎತ್ತಿದವನು. ಇದನ್ನು ಶಾಂತಾಗೆ ತಿಳಿಸಿ ಹೇಳು ಎಂದು ಅಪೂರ್ವಾಳನ್ನು ಬೇಡಿಕೊಂಡೆ. ಅದು ಮನುಷ್ಯರಲ್ಲಿ ಇನ್ನೂ ಸಾಬೀತಾಗಿಲ್ಲ ಅಂಕಲ್ ಎಂದುಬಿಟ್ಟಳು. ಸಂಶೋಧನೆ ಇಷ್ಟು ನಿಧಾನವಾದರೆ ಸಂಸಾರಸ್ಥರ ಗತಿಯೇನು?

ಪರಿಣಾಮವನ್ನು ತಾವೂ ಅನುಭವಿಸುತ್ತಿದ್ದೀರಿ, ಆದರೂ ಬರೆಯುತ್ತೇನೆ. ಯುಗಾದಿಯ ಮರುದಿನದಿಂದ ಶಾಂತಾ ನನ್ನ ಕೈಗೆ ಎರಡು ಡಬ್ಬಿ ಕೊಡುತ್ತಾಳೆ. ಒಂದರಲ್ಲಿ ರೊಟ್ಟಿ, ಎಣ್ಣೆಗಾಯಿ, ಹಿಂಡಿ. ಅದು ತನ್ವಿಬೆನ್ ಅವರಿಗೆ, ಅದನ್ನು ಹೊತ್ತೊಯ್ದು ಮುಟ್ಟಿಸುವುದು ನನ್ನ ಕೆಲಸ. ಇನ್ನೊಂದು ನನ್ನದು, ನಮ್ಮ ವಸತಿ ಸೊಸೈಟಿಯ ಟಿಫಿನ್ ಸೇವೆಯವರ ಸಿಹಿ ಬೇಳೆ. ಸಮಿತಿಯ ಅಧ್ಯಕ್ಷ ಸ್ಥಾನ ಜಯತೀರ್ಥರ ಪಾಲಾಯಿತು. ಹೋಗಲಿ, ಸಕ್ಕರೆ ಡಬ್ಬಕ್ಕೆ ಅವರ ಕಾರಿನಲ್ಲೂ ಡಿಕ್ಕಿ ಇದೆ. ಆದರೆ ಆಟೋದಲ್ಲಿ ಕುಳಿತು ತೊಡೆಯ ಮೇಲಿನ ಡಬ್ಬಿಯಿಂದ ಎಣ್ಣೆಗಾಯಿಯ ವಾಸನೆ ಬರುವಾಗ, ಬೇರೆಯವರ ಮನೆಯ ಊಟವನ್ನು ಕದ್ದು ಮೂಸುತ್ತಿರುವವನಂತೆ ನನಗೆ ನಾಚಿಕೆಯಾಗುತ್ತದೆ. ಪಕ್ಕದ ಮೇಜಿನಲ್ಲಿ ರೊಟ್ಟಿ ಮುರಿಯುವ ಸದ್ದಾದರೆ ನನ್ನ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಬಾಯಿಬಿಟ್ಟು ಹೇಳುವುದಾದರೆ, ನನಗೆ ಆ ರೊಟ್ಟಿ ಬೇಕು. ಇಷ್ಟು ವರ್ಷ ಕೈಯಲ್ಲಿದ್ದಾಗ ಬೇಕಾಗದೆ ಹೋದದ್ದಕ್ಕೆ ಹೊಟ್ಟೆ ಉರಿಯುತ್ತದೆ, ತಾವೂ ಗಮನಿಸಿರಬಹುದು. ಒಂದು ಚೂರು ಕೊಡಿ ಎಂದು ತನ್ವಿಬೆನ್ ಅವರನ್ನು ಕೇಳಿದೆ. ಶಾಂತಾಬೆನ್ ಫೋನ್ ಮಾಡಿ ಬೇಡ ಎಂದಿದ್ದಾರೆ ಎಂದು ಮರುಕದಿಂದಲೇ ಮುಚ್ಚಳ ಹಾಕಿದರು.

ಶಾಂತಾಳ ಷರತ್ತು ಸ್ಪಷ್ಟವಾಗಿದೆ. ನವರಾತ್ರಿಗೆ ಮುಂಚೆ ಅಪೂರ್ವಾ ಇನ್ನೊಮ್ಮೆ ಮಾದರಿ ತೆಗೆದುಕೊಳ್ಳುತ್ತಾಳೆ. ನನ್ನ ಹೊಟ್ಟೆ ಗದಗಕ್ಕೆ ಮರಳಿದೆ ಎಂದು ಅವಳ ಬಾಯಿಂದ ಬಂದ ದಿನ ನನ್ನ ಪಾಲಿನ ರೊಟ್ಟಿ ಹಂಚಿನ ಮೇಲೆ ಬೀಳುತ್ತದೆ. ಗದಗಕ್ಕೆ ಮರಳುವುದು ಹೇಗೆ ಎಂದು ಅಪೂರ್ವಾಳನ್ನು ಕೇಳಿದರೆ, ದಿನಾ ಜೋಳದ ರೊಟ್ಟಿ ತಿನ್ನಬೇಕು ಅಂಕಲ್ ಎನ್ನುತ್ತಾಳೆ. ರೊಟ್ಟಿ ಸಿಗಬೇಕಾದರೆ ತಾವು ಬದಲಾಗಬೇಕು, ತಾವು ಬದಲಾಗಬೇಕಾದರೆ ರೊಟ್ಟಿ ಸಿಗಬೇಕು. ಈ ಸುಳಿಯಿಂದ ನನ್ನನ್ನು ಪಾರುಮಾಡುವ ಶಕ್ತಿ ಇರುವುದು ತಮಗೆ ಮಾತ್ರ.

ಆದ್ದರಿಂದ ಮಾನ್ಯರೇ, ಪೂರ್ತಿ ಬದಲಾಗಿ ಎಂದು ನಾನು ಹಟ ಹಿಡಿಯುವುದಿಲ್ಲ. ಮಾದರಿ ಕೊಡುವ ಆ ಒಂದು ಬೆಳಗ್ಗೆ ಮಾತ್ರ, ತಪಾಸಣೆಯ ದಿನ ಕನ್ನಡ ಶಾಲೆಯಲ್ಲಿ ಜಾಣ ಮಕ್ಕಳನ್ನು ಮುಂದಿನ ಸಾಲಿಗೆ ತರುವಂತೆ, ತಮ್ಮಲ್ಲಿ ಯಾರಾದರೂ ಹಳೆಯ ಗದಗಿನವರು ಉಳಿದಿದ್ದರೆ ಅವರನ್ನು ಮುಂದೆ ನಿಲ್ಲಿಸಿ, ಉಳಿದವರು ಮೂಲೆಯಲ್ಲಿ ಮರೆಯಾಗಿದ್ದರೆ ಸಾಕು. ಅದೂ ಆಗದಿದ್ದರೆ ಜಯತೀರ್ಥರು ಸೂಚಿಸಿದ ದಾರಿಗೆ ನಾನು ಬೀಳಬೇಕಾದೀತು. ಆರೋಗ್ಯವಂತರ ಕರುಳಿನವರನ್ನು ಹೊರತೆಗೆದು ರೋಗಿಯ ಕರುಳಿಗೆ ಕಸಿ ಮಾಡುವ ಚಿಕಿತ್ಸೆಯೊಂದು ಈಚಿನ ವರ್ಷಗಳಲ್ಲಿ ಬಂದಿದೆಯಂತೆ. ಅದು ಕರುಳಿನ ಹಟಮಾರಿ ಸೋಂಕಿಗೇ ಹೊರತು ಹಟಮಾರಿ ಹೆಂಡತಿಗಲ್ಲ ಎಂದು ಅಪೂರ್ವಾ ಬಿಡಿಸಿ ಹೇಳಿದರೂ ಜಯತೀರ್ಥರು ಬಿಡುತ್ತಿಲ್ಲ. ನನಗೆ ಗೊತ್ತಿರುವವರಲ್ಲಿ ಶುದ್ಧ ಗದಗ ಎಂದು ಪರೀಕ್ಷೆಯಾದವರು ಇಬ್ಬರೇ. ಶಾಂತಾ ರೊಟ್ಟಿಯನ್ನೇ ಕೊಡದವಳು, ಇದನ್ನು ಕೊಡುತ್ತಾಳೆಯೇ? ಉಳಿದವರು ತನ್ವಿಬೆನ್. ಅವರ ಮೇಜಿನ ಬಳಿ ಹೋಗಿ ನಾನು ಏನೆಂದು ಕೇಳಲಿ? ನನ್ನನ್ನು ಆ ಸ್ಥಿತಿಗೆ ತರಬೇಡಿರೆಂದು ಕೈಮುಗಿದು, ಹೊಟ್ಟೆಯ ಮೇಲೆ ಕೈಯಿಟ್ಟು, ಬೇಡಿಕೊಳ್ಳುತ್ತೇನೆ.

ಬಾಡಿಗೆ ಕೇಳದೆ, ಮೂರು ಹೊತ್ತು ಊಟ ಹಾಕಿ, ಇಷ್ಟು ಕಾಲ ತಮ್ಮನ್ನು ಇಟ್ಟುಕೊಂಡಿರುವ

ತಮ್ಮ ವಿಶ್ವಾಸಿ,
ಬಾಲಚಂದ್ರ ಹೊಂಬಳ

ತಾ.ಕ.: ಊಟದ ಮೇಜಿನ ಮೇಲೆ ಬಿಟ್ಟಿದ್ದ ಈ ಪತ್ರವನ್ನು ಶಾಂತಾ ಕನ್ನಡಕ ಹಾಕಿಕೊಂಡು ಕೊನೆಯವರೆಗೂ ಓದಿ, ನನ್ನ ಕೈಗೆ ವಾಪಸು ಕೊಟ್ಟು ಹೇಳಿದ್ದನ್ನು ತಮ್ಮ ಮಾಹಿತಿಗಾಗಿ ಹಾಗೆಯೇ ಬರೆಯುತ್ತಿದ್ದೇನೆ. "ಡಬ್ಬಿ ಅಷ್ಟು ಛಂದ ತೊಳದು ತರೂ ಗಂಡಸು ನೀವಲ್ಲ ಅನ್ನೂದು ನನಗ ಮೊದಲನೇ ವಾರದಾಗ ತಿಳಿದಿತ್ತು. ಯಾರೋ ಮನಸ್ಸಿಟ್ಟು ಉಣ್ಣಾಕತ್ತಾರ ಅಂತ ಅವರ ಸಲುವಾಗಿ ಬಡೀತಿದ್ದೆ. ನೀವು ತಿನ್ನಲಿಲ್ಲಂತ ನನಗ ಸಿಟ್ಟಿಲ್ಲ. ತಿಂತೀನಂತ ಮಂದಿ ಮುಂದ ಭಾಷಣ ಮಾಡಿದ್ರಲ್ಲ, ಅದಕ್ಕ." ಅಷ್ಟು ಹೇಳಿ ಒಳಗೆ ಹೋದಳು. ಈಗ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿದೆ. ಇಂದು ರವಿವಾರ, ತನ್ವಿಬೆನ್ ಅವರಿಗೆ ಡಬ್ಬಿ ಹೋಗುವ ದಿನವಲ್ಲ. ಇದು ಯಾರಿಗೆ ಎಂದು ಕೇಳುವ ಧೈರ್ಯ ನನಗಿಲ್ಲ, ಆ ಧೈರ್ಯವಂತ ಇಲಿಯ ಕರುಳಿನವರು ನನ್ನಲ್ಲಿ ಇದ್ದಂತಿಲ್ಲ. ಆದರೆ ಸಭೆ ಸಮಾರಂಭಗಳಲ್ಲಿ ಎಲ್ಲರೂ ಸುಮ್ಮನಿದ್ದಾಗಲೇ ಗುರುಗುಟ್ಟುವ ಕಲೆ ತಮಗೆ ಚೆನ್ನಾಗಿ ಸಿದ್ಧಿಸಿದೆ. ಹಿಂದಿನದನ್ನೆಲ್ಲ ಮರೆಯುತ್ತೇನೆ, ದಯವಿಟ್ಟು ಈಗ ಒಂದೇ ಒಂದು ಸಲ, ಅಡುಗೆಮನೆಗೆ ಕೇಳಿಸುವಷ್ಟು ಜೋರಾಗಿ, ಗುರುಗುಟ್ಟಿ.