ಎರಡು ಗಿಗಾಬೈಟಿನ ಸದಸ್ಯರು

ಮನುಷ್ಯ ಹೋದರೂ ಅವನ ದಾಖಲೆ ಉಳಿಯುತ್ತದೆ. ಉಳಿದರೆ ಉಳಿಯಲಿ; ಎರಡೂ ಬದಿ ಸ್ಕ್ಯಾನ್ ಆಗಿ ಉಳಿಯಬೇಕೇ?

ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಉಳಿಯಬೇಕು ಎನ್ನುವವರು. ರಕ್ಷಣಾ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಇಡೀ ಆಯುಷ್ಯ ಕಳೆದು, ಒಂದು ಬೋಲ್ಟನ್ನೂ ಕಳೆಯದೆ ನಿವೃತ್ತರಾದ ಮಹಾಪುರುಷರು! ಆಮೇಲೆ ಸನತ್‌ನಗರದ ನಮ್ಮ ಕನ್ನಡ ಸಂಘದ ಗ್ರಂಥಾಲಯ ಅವರ ಕೈಗೆ ಸಿಕ್ಕಿತು. ಒಂದು ಕೋಣೆ, ನಾಲ್ಕು ಕಪಾಟು. ಇಷ್ಟಕ್ಕೆ ಕಂಪ್ಯೂಟರ್ ಯಾಕೆ? ಕೇಳಬಾರದು! ಪುಕ್ಕಟೆ ಸಿಗುವ, ಯಾರು ಬೇಕಾದರೂ ಬಿಚ್ಚಿ ರಿಪೇರಿ ಮಾಡಬಹುದಾದ ಡೇಟಾಬೇಸ್ ತಂತ್ರಾಂಶವೊಂದನ್ನು ಇಳಿಸಿಕೊಂಡು, ಸದಸ್ಯರ ಹಳೆಯ ಕಾರ್ಡುಗಳನ್ನೆಲ್ಲ ಮದುವೆ ಫೋಟೋದಷ್ಟು ದೊಡ್ಡದಾಗಿ ಸ್ಕ್ಯಾನ್ ಮಾಡಿ ಅದರೊಳಗೆ ತುರುಕತೊಡಗಿದರು. ಹಿಂಬದಿ ಖಾಲಿಯಿದ್ದರೂ!

"ಖಾಲಿ ಇತ್ತು ಅನ್ನೂದಕ್ಕೂ ಸಬೂತು ಬೇಕಲ್ಲೋ!"

ಕಡತ ಎರಡು ಗಿಗಾಬೈಟ್ ಮುಟ್ಟಿದ ದಿನ ತಂತ್ರಾಂಶ ಕೈಚೆಲ್ಲಿತು. ಇದ್ದ ಕಾರ್ಡುಗಳನ್ನು ತೋರಿಸುತ್ತದೆ, ಅದಕ್ಕಿಂತ ದೊಡ್ಡ ಕಡತವನ್ನು ನುಂಗದು. ಸಂಘದ ಕಾರ್ಯದರ್ಶಿಯಾದ ನಾನು ಸಲಹೆ ಕೊಟ್ಟೆ:

"ಕಾಕಾ, ತೀರಿಹೋದವರ ಕಾರ್ಡ್ ಅಳಿಸಿಬಿಡ್ರಿ. ಜಗಾ ಆಗತೈತಿ."

"ಮೂರು ಮಂದಿ ಕಮಿಟಿ ಸಹಿ ಇಲ್ಲದೆ ಒಂದು ಬೋಲ್ಟ್ ಸುದ್ದಾ ರದ್ದು ಮಾಡಿದಾಂವಲ್ಲ ನಾ. ಮನಷ್ಯಾರನ್ನ ಮಾಡಲೇನು?"

"ಅವರೇನು ಪುಸ್ತಕ ಒಯ್ಯಾಕ ಬರ್ತಾರೇನ್ರಿ?"

"ತಿರುಗಿ ಕೊಡಾಕ ಬಂದ್ರ?"

ಕಾಕಾ ತಂತ್ರಾಂಶ ಮಾಡಿದವರಿಗೆ, ಯಾವುದೋ ದೇಶದಲ್ಲಿ ಸಂಬಳವಿಲ್ಲದೆ ದುಡಿಯುವ ಪಾಪದವರಿಗೆ, ದೊಡ್ಡ ಕಡತಕ್ಕೂ ದಾರಿ ಮಾಡಿಕೊಡಿ ಎಂದು ಇಮೇಲ್ ಬರೆದರು. ವಿಷಯ, ಉಲ್ಲೇಖ, 'ಕಾರ್ಯದರ್ಶಿಯವರ ಮುಖಾಂತರ', ಎಲ್ಲವೂ ಶಾಸ್ತ್ರೋಕ್ತ! 'ಶಿಫಾರಸಿನೊಂದಿಗೆ ರವಾನಿಸಿದೆ' ಎಂದು ನಾನು ಸಹಿ ಹಾಕಿದೆ. ಸಹಿಯನ್ನೂ ಸ್ಕ್ಯಾನ್ ಮಾಡಿದರು. ಮರುದಿನ ಒಂದನೆಯ ಜ್ಞಾಪನಪತ್ರ. ಅದರ ಮರುದಿನ ಎರಡನೆಯದು.

"ಪುಕ್ಕಟೆ ಕೊಟ್ಟವರಿಗೆ ನೋಟೀಸೇನ್ರಿ, ಕಾಕಾ?"

"ಬೆನ್ನು ಹತ್ತದಿದ್ರ ಯಾವ ಫೈಲೂ ನಡೆಯೂದಿಲ್ಲಪಾ."

ನನಗೆ ತಾಳ್ಮೆ ಮೀರಿತು. ಅವರು ಇರಾನಿ ಚಹಾಕ್ಕೆ ಹೋದ ಹೊತ್ತು ನೋಡಿ, ತೀರಿಹೋದವರ ಕಾರ್ಡುಗಳನ್ನು ಅಳಿಸಲು ನಾನೇ ಕುಳಿತೆ. ಮೊದಲ ಕಾರ್ಡಿನಲ್ಲೇ ಅಪ್ಪನ ಓರೆ ಸಹಿ. ಕೊನೆಯ ಸಾಲಿನಲ್ಲಿ ಮಕ್ಕಳ ಕಥೆಗಳ ಒಂದು ಪುಸ್ತಕ, ಹಿಂದಿರುಗಿಸಿಲ್ಲ. ಆ ಪುಸ್ತಕ ಬೇಕೆಂದು ಚಿಕ್ಕಂದಿನಲ್ಲಿ ನಾನು ನೆಲಕ್ಕೆ ಬಿದ್ದು ಅತ್ತಿದ್ದೆ. ಅಪ್ಪ ಡ್ಯೂಟಿ ಮುಗಿಸಿ, ಊಟದ ಡಬ್ಬಿಯ ಜೊತೆ ಅದನ್ನೂ ಬಗಲಲ್ಲಿ ಇಟ್ಟುಕೊಂಡು ಬಂದಿದ್ದರು.

ನನ್ನ ಬೆನ್ನ ಹಿಂದೆ ಕಾಕಾ ನಿಂತಿದ್ದರು.

"ಅದು ನಿಮ್ಮ ಮನಿ ಅಟ್ಟದ ಮ್ಯಾಲೈತಿ. ನನಗ ಗೊತ್ತೈತಿ," ಎಂದರು. "ಕೊಡು ಅಂತ ನಾ ಕೇಳಿಲ್ಲ. ತಿರುಗಿ ಬಂತಂದ್ರ ಅಣ್ಣನ ಖಾತೆ ಮುಗೀತೈತಿ."

ಹನ್ನೆರಡನೆಯ ದಿನ ಒಂದು ಸಾಲಿನ ಉತ್ತರ ಬಂತು: ದೊಡ್ಡ ಕಡತಗಳಿಗೂ ಅನುವು ಮಾಡಿದ್ದೇವೆ, ಹೊಸ ಆವೃತ್ತಿ ಹಾಕಿಕೊಳ್ಳಿ. ಹಾಕಿಕೊಂಡೆವು. ಒಂದು ಕಾರ್ಡನ್ನೂ ಅಳಿಸದೆ ಉಳಿದವೂ ಒಳಗೆ ಹೋದವು. ಪುಸ್ತಕ ಇನ್ನೂ ಅಟ್ಟದ ಮೇಲೇ ಇದೆ.