ನೀಲಿ ನೀರೂ ಕುಸುಬಿ ಎಣ್ಣೆಯೂ

ಕಬ್ಬಿಣದ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಆದರೆ ಕುರುಗೋಡಿನ ತವರಿನಿಂದ ತಂದ ಕಬ್ಬಿಣದ ರೊಟ್ಟಿ ಹಂಚು ಇಂದಿಗೂ ಕರ್ರಗೆ ಮಿಂಚುತ್ತದೆ. ಕೆಲಸ ಮುಗಿದ ಮೇಲೆ ಒರೆಸಿ, ಕುಸುಬಿ ಎಣ್ಣೆ ಸವರಿ ಇಡುತ್ತೇನೆ. ಸಿರುಗುಪ್ಪದ ನನ್ನ ನಾದಿನಿಯ ಹಂಚಿಗೆ ತುಕ್ಕು ಹಿಡಿದಿದೆ. ಅವರು ಗದ್ದೆಯವರು, ಮೂರು ಹೊತ್ತೂ ಅನ್ನ. ಹಂಚು ಸತ್ತರೂ ಅವಳಿಗೆ ಗೊತ್ತಾಗುವುದಿಲ್ಲ.

ಬಳ್ಳಾರಿಯಲ್ಲಿ ನಮ್ಮ ಮನೆಯ ಹಿಂದೆಯೇ ನನ್ನ ಮಗ ಬಸಣ್ಣನ ಜೀನ್ಸ್ ತೊಳೆಯುವ ಘಟಕವಿದೆ. ತೊಳೆದ ನೀರು ಶಾಯಿಯಂತೆ ಹರಿಯುತ್ತದೆ. ಅದನ್ನು ಚರಂಡಿಗೆ ಬಿಡಬಾರದೆಂದು ಹಟ ಹಿಡಿದವಳು ಅವನ ಮಗಳು ಶೈಲಾ, ರಸಾಯನಶಾಸ್ತ್ರ ಓದಿದವಳು. ಒಂದು ಡ್ರಮ್ಮಿಗೆ ಆ ನೀರು ತುಂಬಿ, ಕಬ್ಬಿಣದ ತಗಡುಗಳನ್ನು ಇಳಿಬಿಟ್ಟು, ಕರೆಂಟು ಹಾಯಿಸುವ ಏರ್ಪಾಡು ಮಾಡಿದಳು. ಕಬ್ಬಿಣ ಸ್ವಲ್ಪಸ್ವಲ್ಪವೇ ಕರಗಿ, ಬಣ್ಣವನ್ನು ಕಟ್ಟಿಕೊಂಡು ಗಸಿಯಾಗುತ್ತದಂತೆ. ಉಳಿದ ತಿಳಿನೀರಿನಲ್ಲಿ ಮತ್ತೆ ಪ್ಯಾಂಟು ತೊಳೆಯಬಹುದಂತೆ.

"ಸೋಮವಾರ ನನ್ನ ಕಣ್ಮುಂದ ತಿಳಿ ಮಾಡಿ ತೋರ್ಸು, ದೊಡ್ಡ ಟ್ಯಾಂಕು ಕಟ್ಟಿಸ್ತೀನಿ. ಇಲ್ಲಾಂದ್ರ ಈ ಡ್ರಮ್ಮು ಗುಜರಿಗೆ," ಎಂದ ಬಸಣ್ಣ.

ಭಾನುವಾರ ಘಟಕಕ್ಕೆ ರಜೆ. ಹಿತ್ತಲಿಗೆ ಹೋದವಳು ಡ್ರಮ್ಮಿನಿಂದ ತೆಗೆದು ಗೋಡೆಗೆ ಒರಗಿಸಿದ್ದ ತಗಡುಗಳನ್ನು ನೋಡಿದೆ. ಮೈತುಂಬ ತುಕ್ಕು, ಅಂಚೆಲ್ಲ ಸವೆದಿತ್ತು. ಇಷ್ಟು ಓದಿದ ಹುಡುಗಿಗೆ ಕಬ್ಬಿಣ ಇಟ್ಟುಕೊಳ್ಳಲು ಬರುವುದಿಲ್ಲವಲ್ಲ! ತುಕ್ಕು ತಿಕ್ಕಿ, ಎರಡೂ ಕಡೆ ಧಾರಾಳವಾಗಿ ಎಣ್ಣೆ ಬಳಿದೆ. ಯಾರಿಗೂ ಹೇಳಲಿಲ್ಲ. ಮಾಡಿದ ಉಪಕಾರ ಹೇಳಿಕೊಳ್ಳುವ ಚಾಳಿ ನನಗಿಲ್ಲ.

ಸೋಮವಾರ ಕರೆಂಟು ಹಾಕಿ ಎಷ್ಟು ಹೊತ್ತಾದರೂ ನೀರು ನೀಲಿಯಾಗಿಯೇ ಇತ್ತು. ಮೇಲೆ ಎಣ್ಣೆ ಕಣ್ಣು ಬಿಟ್ಟಿತ್ತು.

"ಏನ್ಲೇ ಇದು, ಸಾರಿಗೆ ಒಗ್ಗರಣಿ ಹಾಕಿದಂಗೈತಿ?" ಎಂದ ಬಸಣ್ಣ.

ಶೈಲಾಳ ಕಣ್ಣು ತುಂಬಿತು. ತಗಡು ಎತ್ತಿ ಮೂಸಿ, ನೇರ ನನ್ನ ಕಡೆ ತಿರುಗಿದಳು. "ಅಜ್ಜಿ, ಇದು ಕುಸುಬಿ ಎಣ್ಣಿ ಅಲ್ಲೇನು?"

"ಹೌದು. ತುಕ್ಕು ಹಿಡಿದು ಹಾಳಾಗಾಕತ್ತಿತ್ತು, ಹಚ್ಚೀನಿ. ತಪ್ಪೇನೈತಿ?"

"ಅದು ಸವೀಬೇಕಜ್ಜಿ! ಅದು ಸವೆದ್ರನ ನೀರು ತಿಳಿ ಆಗೋದು. ಎಣ್ಣಿ ಹಚ್ಚಿದ್ರ ಕರೆಂಟು ಹೆಂಗ ಹಾಯಬೇಕು?"

ಬಸಣ್ಣ ಗುಜರಿಯವನಿಗೆ ಹೇಳಲು ಫೋನು ತೆಗೆದ.

"ಒಳಗಿಡ್ಲೇ ಅದನ್ನ," ಎಂದೆ. "ತಪ್ಪು ನಂದು, ಹುಡುಗೀದಲ್ಲ."

ಸೆರಗು ಸಿಕ್ಕಿಸಿ, ಸೋಪಿನ ಪುಡಿ, ಮರಳು ಹಾಕಿ ಒಂದೊಂದೇ ತಗಡು ಉಜ್ಜಿದೆ. ಡ್ರಮ್ಮಿಗೆ ಬೇರೆ ನೀಲಿ ನೀರು ತುಂಬಿದರು. ಊಟದ ಹೊತ್ತಿಗೆ ಬಣ್ಣವೆಲ್ಲ ಗಸಿಯಾಗಿ ನೀರು ತಿಳಿಯಾಯಿತು. ಬಸಣ್ಣ ಅದರಲ್ಲೇ ಒಂದು ಪ್ಯಾಂಟು ತೊಳೆಸಿ, ತಿರುಗಿಸಿ ಮುರುಗಿಸಿ ನೋಡಿ, "ಕಟ್ಸೋಣ ಬಿಡು," ಎಂದ.

ಈಗ ಟ್ಯಾಂಕು ಬಂದಿದೆ. ಅದರ ಮೇಲೆ ಶೈಲಾ ಒಂದು ಬೋರ್ಡು ಹಾಕಿಸಿದ್ದಾಳೆ: 'ತಗಡಿಗೆ ಎಣ್ಣೆ ಹಚ್ಚಬಾರದು.' ಕೆಲಸದವರಲ್ಲಿ ಎಣ್ಣೆ ಹಚ್ಚುವವರು ಒಬ್ಬರೂ ಇಲ್ಲ. ಬಸ್ಸಿನ ಬೋರ್ಡಿಗೂ ತಡವರಿಸುವ ನಾನು ಅದನ್ನು ಮಾತ್ರ ಒಂದೇ ಉಸಿರಿಗೆ ಓದಿದೆ. ಅಕ್ಷರ ಅಷ್ಟು ದಪ್ಪಗೆ ಬರೆಸುವ ಅಗತ್ಯವಿರಲಿಲ್ಲ.