ಕುದುರೆಮುಖಕ್ಕೆ ಹೋದ ಆರು ಸೀರೆಗಳು

ಇಡೀ ಕುದುರೆಮುಖ ಪರ್ವತವನ್ನು ತನ್ನ ಬೆನ್ನ ಹಿಂದೆ ಅಡಗಿಸಿಟ್ಟ ಹೆಂಗಸು ಯಾರಾದರೂ ಇದ್ದರೆ ಅದು ನಮ್ಮ ದೊಡ್ಡಮ್ಮ! ನಂಬಿಕೆ ಬಾರದಿದ್ದರೆ ವಾಮಂಜೂರಿನ ಅವರ ಮನೆಗೆ ಬಂದು ಆಲ್ಬಮ್ ನೋಡಿ. ಕುದುರೆಮುಖ ರಾಷ್ಟ್ರೀಯ ಉದ್ಯಾನವಾದ ಹೊಸತರಲ್ಲಿ ಮನೆಯವರೆಲ್ಲ ಮೆಟಡೋರ್ ಮಾಡಿಕೊಂಡು ಹೋಗಿದ್ದರಂತೆ. ಗಲ್ಫಿನಿಂದ ರಜೆಗೆ ಬಂದಿದ್ದ ದೊಡ್ಡಪ್ಪನ ಕೈಯಲ್ಲಿ ಹೊಸ ಕ್ಯಾಮರಾ. ಆದರೆ ತೆಗೆದದ್ದೇನು? ದೊಡ್ಡಮ್ಮ ಸೆರಗನ್ನು ಅಗಲಕ್ಕೆ ಹರಡಿ ಹಿಡಿದು ನಟ್ಟನಡುವೆ ನಿಂತಿದ್ದಾರೆ. ಅವರ ಎಡಗಿವಿಯ ಪಕ್ಕದಲ್ಲಿ ಹಸಿರಾಗಿ ಚೂರೇನೋ ಕಾಣುತ್ತದಲ್ಲ, ಅದೇ ಪಶ್ಚಿಮ ಘಟ್ಟ!

ಅಷ್ಟಕ್ಕೇ ಮುಗಿಯಲಿಲ್ಲ. ಫೋಟೋ ಆರು, ಸೀರೆಯೂ ಆರು. ಪ್ರವಾಸ ಮಾತ್ರ ಒಂದೇ ದಿನದ್ದು!

ನಾನಾಗ ಹುಟ್ಟಿರಲಿಲ್ಲ. ದೊಡ್ಡಪ್ಪ ಇರುವಷ್ಟು ಕಾಲವೂ ಈ ಕಥೆಯನ್ನು ಹೇಳಿ ಹೇಳಿ ನಗಿಸುತ್ತಿದ್ದರು. ಒಳ್ಳೆಯ ಜಾಗ ಕಂಡಲ್ಲೆಲ್ಲ ದೊಡ್ಡಮ್ಮ ಗಾಡಿ ನಿಲ್ಲಿಸಿ, ಡ್ರೈವರ್ ಸಮೇತ ಎಲ್ಲರನ್ನೂ ಕೆಳಗಿಳಿಸಿ, ಕಿಟಕಿಗೆ ಬೆಡ್‌ಶೀಟ್ ಕಟ್ಟಿ ಸೀರೆ ಬದಲಾಯಿಸುವುದಂತೆ. ಉಳಿದವರು ಚಳಿಗಾಳಿಯಲ್ಲಿ ನಡುಗುತ್ತಾ ಗುಡ್ಡಕ್ಕೆ ಮುಖಮಾಡಿ ನಿಲ್ಲಬೇಕು. "ಹಾಗಾಗಿ ನಾವು ಗುಡ್ಡ ನೋಡಿದ್ದು ಮಾರಾಯ, ಇಲ್ಲದಿದ್ರೆ ಅದೂ ಇಲ್ಲ!" ಎನ್ನುತ್ತಿದ್ದರು ದೊಡ್ಡಪ್ಪ.

ಮೂರನೆಯ ಸೀರೆಯ ಹೊತ್ತಿಗೆ ಅರಣ್ಯದ ಗಾರ್ಡ್ ಒಬ್ಬ ಸಂಶಯದಿಂದ ಹತ್ತಿರ ಬಂದ.

"ಎಂತ ಸಾರ್, ಮದುವೆ ದಿಬ್ಬಣವಾ?"

"ಅಲ್ಲ. ಮದುವೆ ಆಗಿ ಹನ್ನೆರಡು ವರ್ಷ ಆಯ್ತು. ಈಗ ಅನುಭವಿಸ್ತಾ ಇದ್ದೇನೆ."

ಜಲಪಾತದ ಬಳಿ ಜಿಗಣೆ ಕಚ್ಚಿ ದೊಡ್ಡಮ್ಮನ ಕಾಲಿನಿಂದ ರಕ್ತ ಇಳಿಯಿತಂತೆ. ಬೇರೆಯವರಾದರೆ ಕಿರುಚುತ್ತಿದ್ದರು. ಇವರು ಮಾತ್ರ ನೆರಿಗೆ ಎತ್ತಿ ಹಿಡಿದು, "ಸೀರೆಗೆ ತಾಗಿತಾ ನೋಡಿ!" ಎಂದರಂತೆ.

"ಮತ್ತೆ ಕಾಲು?"

"ಕಾಲು ನನ್ನದೇ ಅಲ್ವಾ? ತೊಳೆದ್ರೆ ಆಯ್ತು!"

ಇಂಥ ಶೋಕಿಯನ್ನು ಎಲ್ಲಾದರೂ ಕಂಡಿದ್ದೀರಾ?

ಕಳೆದ ತಿಂಗಳು ಆ ಫೋಟೋಗಳನ್ನು ಮೊಬೈಲಿಗೆ ಹಾಕಿ ಮನೆಯವರ ಗ್ರೂಪಿಗೆ ಕಳಿಸಿದೆ. "ಯಾವ ಜವಳಿ ಅಂಗಡಿಯ ಜಾಹೀರಾತು?" ಎಂದು ಮಕ್ಕಳು ಕೇಳಿದರು. ಇದನ್ನು ಹೇಳಿ ರೇಗಿಸಬೇಕೆಂದೇ ವಾಮಂಜೂರಿಗೆ ಹೋದೆ.

"ದೊಡ್ಡಮ್ಮ, ಒಂದು ಫೋಟೋದಲ್ಲಾದ್ರೂ ಸ್ವಲ್ಪ ಬದಿಗೆ ನಿಲ್ಬಹುದಿತ್ತಲ್ಲ?"

"ಗುಡ್ಡ ಅಲ್ಲೇ ಉಂಟು ಮಾರಾಯ. ಬೇಕಾದವರು ಹೋಗಿ ನೋಡ್ಲಿ."

ಅಷ್ಟರಲ್ಲಿ ನೆರೆಮನೆಯ ಗಿರಿಜಕ್ಕ ಬಂದರು. ದೊಡ್ಡಮ್ಮನ ಜತೆ ಅದೇ ಜಗಲಿಯಲ್ಲಿ ವರ್ಷಾನುಗಟ್ಟಲೆ ಬೀಡಿ ಕಟ್ಟಿದವರು. "ನೋಡಿ, ನಿಮ್ಮ ಗೆಳತಿಯ ಫ್ಯಾಷನ್ ಶೋ!" ಎಂದು ಮೊಬೈಲ್ ಅವರ ಕೈಗೆ ಕೊಟ್ಟೆ.

ಗಿರಿಜಕ್ಕ ನಗಲಿಲ್ಲ. ಕನ್ನಡಕ ಏರಿಸಿ ಒಂದೊಂದೇ ಫೋಟೋ ಸರಿಸಿದರು. "ಇದು ಲಲಿತನದ್ದು. ಇದು ಕಮಲನದ್ದು, ಪಾಪ, ಹೋದಳು." ಹಳದಿ ಅಂಚಿನ ನೇರಳೆ ಸೀರೆ ಬಂದಾಗ ಬೆರಳು ನಿಂತಿತು.

"ಏನು ಲಲಿತನದ್ದು, ಕಮಲನದ್ದು?" ಎಂದೆ.

"ಸೀರೆ. ಇವಳೂ ಸೇರಿ ನಾವು ಆರು ಜನ ಬೀಡಿ ಕಟ್ತಿದ್ದೆವು. ಒಂದು ದಿನ ಕೆಲಸ ಬಿಡುವ ಹಾಗಿರ್ಲಿಲ್ಲ, ನಮ್ಮನ್ನು ಯಾರು ಕರ್ಕೊಂಡು ಹೋಗ್ಲಿಕ್ಕೆ? ಹೊರಡುವ ಮುಂಚೆ ಇವಳು ಐದೂ ಮನೆಗೆ ಬಂದು, 'ನಿನ್ನ ಒಳ್ಳೆ ಸೀರೆ ಒಂದು ಕೊಡು' ಅಂದಳು. ವಾಪಸ್ ಬಂದ ಮೇಲೆ ಸೀರೆ ಜತೆಗೆ ಒಂದೊಂದು ಫೋಟೋವನ್ನೂ ಕೊಟ್ಟಳು. ನನ್ನ ಫೋಟೋ ಮಳೆಗೆ ಒದ್ದೆಯಾಗಿ ಹಾಳಾಗಿತ್ತು."

"ಸುಮ್ಮನಿರು ಗಿರಿಜಾ, ಎಂತ ಹಳೇ ಕಥೆ!" ಎಂದು ಗದರಿಸಿ ದೊಡ್ಡಮ್ಮ ಚಹಾ ಮಾಡಲು ಒಳಗೆ ಹೋದರು.

ಗಿರಿಜಕ್ಕ ಎರಡು ಬೆರಳಿಂದ ಫೋಟೋವನ್ನು ಹಿಗ್ಗಿಸಿದರು. ದೊಡ್ಡಮ್ಮನ ಮುಖ ಅಂಚಿನಾಚೆ ಸರಿದು, ನೇರಳೆ ಸೆರಗು ಮತ್ತು ಒಂದು ತುಂಡು ಗುಡ್ಡ ಮಾತ್ರ ಉಳಿದವು.

"ಮತ್ತೆ ನೀವು ಕುದುರೆಮುಖಕ್ಕೆ ಹೋಗಲೇ ಇಲ್ವಾ ಗಿರಿಜಕ್ಕ?"

ಅವರು ನನ್ನನ್ನು ಪೆದ್ದನನ್ನು ನೋಡುವಂತೆ ನೋಡಿದರು.

"ಹೋಗಿದ್ದೇನಲ್ಲ ಮಗಾ," ಎಂದರು. "ಭಾರೀ ಚಳಿ ಅಲ್ಲಿ."